ಅಂಚೆ ಚೀಲದಿಂದ ಅಲಗೇರಿಯವರೆಗೆ: ಏರ್ ಇಂಡಿಯಾದ ತೊಂಬತ್ತು ವರ್ಷ

ನಮ್ಮ ಶಾಲೆಗೆ ಐವತ್ತು ತುಂಬಿದ ಸಂಭ್ರಮದಲ್ಲಿ ಸ್ಮರಣ ಸಂಚಿಕೆಗೊಂದು ಲೇಖನ ಬರೆದುಕೊಡಬೇಕೆಂದು ಸಮಿತಿಯ ಹಿರಿಯರು ಕೇಳಿದರು. ಶಾಲೆಯ ನೆನಪುಗಳನ್ನು ನನಗಿಂತ ಚೆನ್ನಾಗಿ ಬರೆಯಬಲ್ಲವರು ಬಹಳ ಜನ ಇದ್ದಾರೆ. ಆದ್ದರಿಂದ ನನ್ನ ಕಸುಬಿಗೆ ಹತ್ತಿರವಾದ ವಿಷಯವೊಂದನ್ನು ಆರಿಸಿಕೊಂಡಿದ್ದೇನೆ. ಬಿ.ಇ. ಮುಗಿಸಿ ಬೆಂಗಳೂರು ಸೇರಿದ ಮೇಲೆ ನಾನು ಮಾಡುತ್ತಿರುವುದು ವಿಮಾನ ಟಿಕೆಟ್‌ಗಳಿಗೆ ಸಂಬಂಧಿಸಿದ ಸಾಫ್ಟ್‌ವೇರ್ ಕೆಲಸ. ಊರಿಗೆ ಬಂದಾಗ ಅವರ್ಸಾದ ಚಹಾದಂಗಡಿಯಲ್ಲಿ ಕೂತರೆ ಸಾಕು, ಯಾರಾದರೊಬ್ಬರು ಕೇಳುತ್ತಾರೆ: "ತಮಾ, ನೀನು ವಿಮಾನದ ಕೆಲಸದಲ್ಲಿ ಇದ್ದವ. ಅಲಗೇರಿಗೆ ವಿಮಾನ ಬರ್ತದೋ ಇಲ್ವೋ ಹೇಳು."

ಅಂಕೋಲೆಯ ಪಕ್ಕದ ಅಲಗೇರಿಯಲ್ಲಿ ನೌಕಾಪಡೆಯ ವಿಮಾನ ನೆಲೆ, ಅದರ ಜೊತೆಗೇ ಸಾರ್ವಜನಿಕರ ವಿಮಾನ ನಿಲ್ದಾಣ ಎಂಬ ಯೋಜನೆಯ ಸುದ್ದಿಯನ್ನು ನಾವು ವರ್ಷಗಳಿಂದ ಕೇಳುತ್ತಾ ಬಂದಿದ್ದೇವೆ. ರನ್‌ವೇ ಕಟ್ಟಿದರೆ ವಿಮಾನ ತಾನಾಗಿ ಬರುತ್ತದೆ ಎಂದು ಹಲವರು ನಂಬಿದ್ದಾರೆ. ಇತಿಹಾಸ ನೋಡಿದರೆ ಹಾಗಿಲ್ಲ. ಯಾವ ಊರಿಗೆ ವಿಮಾನ ಬರಬೇಕಾದರೂ ಅದರ ಖರ್ಚನ್ನು ಯಾರೋ ಒಬ್ಬರು ಹೊರಬೇಕು. ಆ ಹೊರುವವರು ಹಿಂದೆ ಸರಿದ ದಿನ ವಿಮಾನವೂ ನಿಲ್ಲುತ್ತದೆ. ನಮ್ಮ ದೇಶದ ರಾಷ್ಟ್ರೀಯ ವಿಮಾನ ಸಂಸ್ಥೆ ಏರ್ ಇಂಡಿಯಾದ ತೊಂಬತ್ತು ವರ್ಷಗಳ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ಈ ಕಥೆಯಲ್ಲಿ ಕರ್ನಾಟಕವೂ, ನಮ್ಮ ಕರಾವಳಿಯೂ ನಾವು ತಿಳಿದಿದ್ದಕ್ಕಿಂತ ಹೆಚ್ಚಾಗಿ ಬರುತ್ತವೆ.

ಬಳ್ಳಾರಿಯಲ್ಲಿ ಇಳಿದ ಅಂಚೆ

1932 ನಮ್ಮ ತಾಲೂಕಿನ ಇತಿಹಾಸದಲ್ಲಿ ಕರನಿರಾಕರಣೆಯ ವರ್ಷ. ಎರಡು ವರ್ಷ ಮೊದಲು ಉಪ್ಪಿನ ಸತ್ಯಾಗ್ರಹ ಮಾಡಿದ್ದ ಅಂಕೋಲೆಯ ರೈತರು ಈಗ ಭೂಕಂದಾಯ ಕೊಡದೆ ಹೊಲ ಮನೆ ಜಪ್ತಿಯಾಗುವುದನ್ನು ಎದುರಿಸುತ್ತಿದ್ದರು. ಅದೇ ವರ್ಷದ ಅಕ್ಟೋಬರ್ 15ರಂದು ಕರಾಚಿಯಿಂದ ಒಂದು ಪುಟ್ಟ ಪುಸ್ ಮಾತ್ ವಿಮಾನ ಹೊರಟಿತು. ನಡೆಸುತ್ತಿದ್ದವರು ಜೆ.ಆರ್.ಡಿ. ಟಾಟಾ. 1929ರಲ್ಲಿ ಭಾರತದಲ್ಲಿ ವಿಮಾನ ಚಾಲನೆಯ ಮೊದಲ ಪರವಾನಗಿ ಪಡೆದವರು ಅವರೇ. ವಿಮಾನದಲ್ಲಿ ಪ್ರಯಾಣಿಕರಿರಲಿಲ್ಲ, ಅಂಚೆಯ ಚೀಲವಿತ್ತು. ಲಂಡನ್ನಿನಿಂದ ಇಂಪೀರಿಯಲ್ ಏರ್‌ವೇಸ್ ವಿಮಾನ ಕರಾಚಿಯವರೆಗೆ ತಂದ ಪತ್ರಗಳನ್ನು ದಕ್ಷಿಣಕ್ಕೆ ಮುಟ್ಟಿಸುವುದು ಟಾಟಾ ಅವರ ಕೆಲಸ. ಅಹಮದಾಬಾದಿನಲ್ಲಿ ಇಳಿದು ಇಂಧನ ತುಂಬಿಸಿಕೊಂಡು ಅವರು ಮುಂಬಯಿಯ ಜುಹು ತಲುಪಿದರು. ಅಲ್ಲಿಂದ ಮುಂದೆ ಅಂಚೆಯನ್ನು ಒಯ್ದವರು ಅವರ ಜೊತೆಗಾರ ನೆವಿಲ್ ವಿನ್ಸೆಂಟ್. ಮುಂಬಯಿಯಿಂದ ಮದ್ರಾಸಿಗೆ ಹೋಗುವ ದಾರಿಯಲ್ಲಿ ಅವರು ಇಳಿದ ಊರು ನಮ್ಮ ಬಳ್ಳಾರಿ.

ಆಗ ಬಳ್ಳಾರಿ ಮದ್ರಾಸ್ ಪ್ರಾಂತದಲ್ಲಿತ್ತು, ನಮ್ಮ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಹಾಗಿದ್ದರೂ ದೇಶದ ಈ ಮೊದಲ ವಿಮಾನ ಸಂಸ್ಥೆಯ ಮೊದಲ ಹಾರಾಟವೇ ಕನ್ನಡ ನೆಲವನ್ನು ಮುಟ್ಟಿತು ಎಂಬುದು ನಮ್ಮ ಪಠ್ಯಪುಸ್ತಕಗಳಲ್ಲಿ ಎಲ್ಲೂ ಕಾಣಸಿಗದ ಸಂಗತಿ.

ಈ ಸೇವೆಗೆ ಹಣ ಬಂದದ್ದು ಎಲ್ಲಿಂದ ಎನ್ನುವುದು ಮುಖ್ಯ. ಟಾಟಾ ಸಂಸ್ಥೆ ಮೊದಲು ಸರಕಾರದ ಸಹಾಯಧನ ಕೇಳಿತ್ತು. ಬ್ರಿಟಿಷ್ ಸರಕಾರ ಒಪ್ಪಲಿಲ್ಲ. ಕೊನೆಗೆ ಸಹಾಯಧನ ಬೇಡ, ಒಯ್ದ ಅಂಚೆಯ ತೂಕಕ್ಕೆ ತಕ್ಕಂತೆ ಹಣ ಕೊಡಿ ಎಂಬ ಕರಾರಿಗೆ 1932ರ ಏಪ್ರಿಲ್‌ನಲ್ಲಿ ಸಹಿ ಬಿತ್ತು. ಕಂಪನಿ ತೊಡಗಿಸಿದ ಬಂಡವಾಳ 2 ಲಕ್ಷ ರೂಪಾಯಿ, ಇದ್ದದ್ದು ಎರಡು ಸಣ್ಣ ವಿಮಾನ. ರೇಡಿಯೋ ಇಲ್ಲ, ರಾತ್ರಿ ಇಳಿಯಲು ದೀಪವಿಲ್ಲ. ಜುಹು ಮೈದಾನವಂತೂ ಮಳೆಗಾಲದಲ್ಲಿ ಕೆಸರಿನ ಗದ್ದೆ. ಹಾಗಾಗಿ ಮಳೆ ಹಿಡಿಯಿತೆಂದರೆ ಇಡೀ ಸಂಸಾರ ಪುಣೆಗೆ ಸಾಗುತ್ತಿತ್ತು. ಇಷ್ಟಾಗಿಯೂ ಮೊದಲ ವರ್ಷವೇ 60,000 ರೂಪಾಯಿ ಲಾಭ ಬಂತು. ಆ ವರ್ಷ ಹಾರಿದ ಪ್ರಯಾಣಿಕರು 155 ಜನ ಮಾತ್ರ. ಅಂದರೆ ಸಂಸ್ಥೆಯನ್ನು ಸಾಕಿದ್ದು ಪ್ರಯಾಣಿಕರಲ್ಲ, ಅಂಚೆ ಇಲಾಖೆಯ ಕರಾರು.

ನಮ್ಮ ಕಡಲಿನ ಮೇಲಿನ ದಾರಿ

1935ರ ಅಕ್ಟೋಬರ್‌ನಲ್ಲಿ ಟಾಟಾ ಸಂಸ್ಥೆ ಇನ್ನೊಂದು ಮಾರ್ಗ ತೆರೆಯಿತು. ಮುಂಬಯಿಯಿಂದ ತಿರುವನಂತಪುರಕ್ಕೆ ವಾರಕ್ಕೊಮ್ಮೆ ಹೋಗುವ ವಿಮಾನ, ನಡುವೆ ಗೋವೆ ಮತ್ತು ಕಣ್ಣೂರಿನಲ್ಲಿ ನಿಲುಗಡೆ. ನಕ್ಷೆಯ ಮೇಲೆ ಗೋವೆಯಿಂದ ಕಣ್ಣೂರಿಗೆ ಅಳತೆಪಟ್ಟಿ ಇಟ್ಟು ಗೆರೆ ಎಳೆದು ನೋಡಿ. ಅದು ಕಾರವಾರ, ಅಂಕೋಲೆ, ಗೋಕರ್ಣಗಳ ಎದುರಿನ ಕಡಲಿನ ಮೇಲೇ ಹಾದುಹೋಗುತ್ತದೆ. ಆ ಕಾಲದ ಚಾಲಕರಿಗೆ ದಾರಿ ತೋರಿಸುತ್ತಿದ್ದುದು ನದಿ, ರೈಲು ಹಳಿ, ಕರಾವಳಿಯ ಗೆರೆ ಇಂಥವೇ. ಬೇಲೆಕೇರಿಯ ಬಂದರು, ಗಂಗಾವಳಿಯ ಅಳಿವೆ ಅವರಿಗೆ ದಾರಿಯ ಗುರುತುಗಳಾಗಿದ್ದಿರಬೇಕು.

ಇಲ್ಲಿ ಗಮನಿಸಬೇಕಾದ ವಿಷಯವೊಂದಿದೆ. ಗೋವೆ ಪೋರ್ಚುಗೀಸರದಾಗಿತ್ತು, ತಿರುವನಂತಪುರ ಒಂದು ದೊಡ್ಡ ಸಂಸ್ಥಾನದ ರಾಜಧಾನಿ. ನಡುವಿನ ಉತ್ತರ ಕನ್ನಡ ಜಿಲ್ಲೆಗೆ ಇಳಿಯಲು ಕಾರಣವಿರಲಿಲ್ಲ. ವಿಮಾನ ನಮ್ಮ ತಲೆಯ ಮೇಲಿಂದ ಹೋಯಿತು. ಇವತ್ತಿಗೂ ಈ ಜಿಲ್ಲೆಯಲ್ಲಿ ಸಾರ್ವಜನಿಕ ವಿಮಾನ ನಿಲ್ದಾಣವಿಲ್ಲ, ವಿಮಾನಗಳು ನಮ್ಮ ತಲೆಯ ಮೇಲಿಂದಲೇ ಹೋಗುತ್ತಿವೆ.

ಎಂಟು ಕಂಪನಿ, ಎರಡು ನಿಗಮ

ಎರಡನೆಯ ಮಹಾಯುದ್ಧ ಮುಗಿದಾಗ ಅಮೆರಿಕದ ಸೈನ್ಯ ಬಿಟ್ಟುಹೋದ ಡಕೋಟಾ ವಿಮಾನಗಳು ಅಗ್ಗದ ಬೆಲೆಗೆ ಸಿಕ್ಕವು. ಹಣವಿದ್ದವರೆಲ್ಲ ವಿಮಾನ ಕಂಪನಿ ತೆರೆದರು. 1946ರ ಜುಲೈ 29ರಂದು ಟಾಟಾ ಏರ್‌ಲೈನ್ಸ್ ಸಾರ್ವಜನಿಕರಿಗೂ ಷೇರು ಕೊಟ್ಟು 'ಏರ್ ಇಂಡಿಯಾ' ಎಂಬ ಹೊಸ ಹೆಸರು ಪಡೆಯಿತು. ಮೀಸೆಯ ಮಹಾರಾಜ ಹುಟ್ಟಿದ್ದೂ ಅದೇ ವರ್ಷ, ಕಂಪನಿಯ ಅಧಿಕಾರಿ ಬಾಬ್ಬಿ ಕೂಕಾ ಮತ್ತು ಕಲಾವಿದ ಉಮೇಶ್ ರಾವ್ ಅವರ ಕೈಯಲ್ಲಿ. 1948ರಲ್ಲಿ ವಿದೇಶ ಹಾರಾಟಕ್ಕಾಗಿ ಏರ್ ಇಂಡಿಯಾ ಇಂಟರ್‌ನ್ಯಾಷನಲ್ ಸ್ಥಾಪನೆಯಾಯಿತು. ಅದರಲ್ಲಿ ಭಾರತ ಸರಕಾರದ ಪಾಲು ನೂರಕ್ಕೆ 49. ಆ ವರ್ಷದ ಜೂನ್ 8ರಂದು 'ಮಲಬಾರ್ ಪ್ರಿನ್ಸೆಸ್' ಎಂಬ ವಿಮಾನ ಮುಂಬಯಿಯಿಂದ ಕೈರೋ, ಜಿನೀವಾ ಮಾರ್ಗವಾಗಿ ಲಂಡನ್ನಿಗೆ ಹೊರಟಿತು. ಸ್ವಾತಂತ್ರ್ಯ ಬಂದು ಇನ್ನೂ ವರ್ಷ ತುಂಬಿರಲಿಲ್ಲ.

ಅಂಚೆಯ ನಂಟೂ ಮುಂದುವರಿಯಿತು. 1949ರ ಜನವರಿ 30ರಿಂದ ರಾತ್ರಿ ಅಂಚೆ ಸೇವೆ ಶುರುವಾಯಿತು. ದಿಲ್ಲಿ, ಮುಂಬಯಿ, ಕಲ್ಕತ್ತಾ, ಮದ್ರಾಸುಗಳಿಂದ ರಾತ್ರಿ ಹೊರಟ ನಾಲ್ಕು ವಿಮಾನಗಳು ನಡುರಾತ್ರಿಯ ಹೊತ್ತಿಗೆ ನಾಗಪುರದಲ್ಲಿ ಸೇರುತ್ತಿದ್ದವು. ಚೀಲಗಳನ್ನು ಅದಲುಬದಲು ಮಾಡಿಕೊಂಡು ಬೆಳಗಾಗುವುದರೊಳಗೆ ತಮ್ಮ ಊರುಗಳಿಗೆ ಮರಳುತ್ತಿದ್ದವು. ನಮ್ಮ ಬಸ್ಸುಗಳು ಹುಬ್ಬಳ್ಳಿ ನಿಲ್ದಾಣದಲ್ಲಿ ಸೇರಿ ಪ್ರಯಾಣಿಕರನ್ನು ಬದಲಿಸಿಕೊಳ್ಳುವ ಹಾಗೆ. ಇಂದು ಜಗತ್ತಿನ ದೊಡ್ಡ ದೊಡ್ಡ ಪಾರ್ಸೆಲ್ ಕಂಪನಿಗಳು ನಡೆಯುವುದು ಇದೇ ಸೂತ್ರದ ಮೇಲೆ.

ಆದರೆ ಒಳನಾಡಿನಲ್ಲಿ ಕಂಪನಿಗಳು ಹೆಚ್ಚಾದವು, ಪ್ರಯಾಣಿಕರು ಅಷ್ಟಿರಲಿಲ್ಲ. ಎಲ್ಲರಿಗೂ ನಷ್ಟ. ನ್ಯಾಯಮೂರ್ತಿ ರಾಜಾಧ್ಯಕ್ಷ ಅವರ ಸಮಿತಿ 1950ರಲ್ಲಿ ಈ ಸ್ಥಿತಿಯನ್ನು ಪರಿಶೀಲಿಸಿತು. ಕೊನೆಗೆ 1953ರ ಆಗಸ್ಟ್ 1ರಂದು ರಾಷ್ಟ್ರೀಕರಣವಾಯಿತು. ಹೈದರಾಬಾದಿನ ಡೆಕ್ಕನ್ ಏರ್‌ವೇಸ್ ಸೇರಿ ಎಂಟು ಕಂಪನಿಗಳ ಒಳನಾಡಿನ ಹಾರಾಟ 'ಇಂಡಿಯನ್ ಏರ್‌ಲೈನ್ಸ್' ಎಂಬ ಒಂದೇ ನಿಗಮವಾಯಿತು. ವಿದೇಶ ಹಾರಾಟ ಏರ್ ಇಂಡಿಯಾದ ಪಾಲಿಗೆ ಬಂತು. ರಾಷ್ಟ್ರೀಕರಣವನ್ನು ವಿರೋಧಿಸಿದ್ದ ಜೆ.ಆರ್.ಡಿ. ಟಾಟಾ ಅವರನ್ನೇ ಸರಕಾರ ಏರ್ ಇಂಡಿಯಾಕ್ಕೆ ಅಧ್ಯಕ್ಷರಾಗಿ ಕೂರಿಸಿತು. 1978ರಲ್ಲಿ ಮೊರಾರ್ಜಿ ದೇಸಾಯಿ ಸರಕಾರ ತೆಗೆದುಹಾಕುವವರೆಗೆ ಅವರು ಆ ಕುರ್ಚಿಯಲ್ಲಿದ್ದರು.

ರಾಷ್ಟ್ರೀಕರಣದಿಂದ ಏನಾಯಿತು ಎಂಬುದಕ್ಕೆ ಎರಡು ಉತ್ತರ. ಒಂದು, ಲಾಭವಿಲ್ಲದ ಊರುಗಳಿಗೂ ವಿಮಾನ ಹೋಗುವಂತಾಯಿತು. ಮುಂಬಯಿ-ದಿಲ್ಲಿಯಂಥ ಮಾರ್ಗದಲ್ಲಿ ಬಂದ ಹಣ ಈಶಾನ್ಯದ ಗುಡ್ಡಗಾಡಿಗೆ, ದ್ವೀಪಗಳಿಗೆ, ಸಣ್ಣ ಪಟ್ಟಣಗಳಿಗೆ ಹರಿಯಿತು. ನಮ್ಮ ಕಡೆ ಮಂಗಳೂರಿನ ಬಜಪೆ ನಿಲ್ದಾಣ 1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಅವರು ಡಕೋಟಾದಲ್ಲಿ ಬಂದಿಳಿಯುವುದರೊಂದಿಗೆ ಆರಂಭವಾಗಿತ್ತು. ಅದನ್ನು ಮುಂದೆ ದಶಕಗಳ ಕಾಲ ಜೀವಂತ ಇಟ್ಟದ್ದು ಇಂಡಿಯನ್ ಏರ್‌ಲೈನ್ಸ್. ಇನ್ನೊಂದು, ಸ್ಪರ್ಧೆಯಿಲ್ಲದೆ ನಲವತ್ತು ವರ್ಷ ನಡೆದ ಸಂಸ್ಥೆಗೆ ಪ್ರಯಾಣಿಕ ಕಾಯಲಿ ಎಂಬ ಅಭ್ಯಾಸವೂ ಬಂತು. ಎರಡೂ ಸತ್ಯ. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಇತಿಹಾಸವಾಗುವುದಿಲ್ಲ.

ವಿದೇಶ ಹಾರಾಟದಲ್ಲಿ ಮಾತ್ರ ಏರ್ ಇಂಡಿಯಾ ಆ ಕಾಲದ ಉತ್ತಮ ಸಂಸ್ಥೆಗಳಲ್ಲಿ ಒಂದಾಗಿತ್ತು. 1960ರಲ್ಲಿ ಬೋಯಿಂಗ್ 707 ಜೆಟ್ ವಿಮಾನ ಬಂದು ನ್ಯೂಯಾರ್ಕಿಗೆ ಸೇವೆ ಶುರುವಾಯಿತು. 1962ರ ಹೊತ್ತಿಗೆ ಅದರ ಬಳಿ ಇದ್ದ ವಿಮಾನಗಳೆಲ್ಲ ಜೆಟ್‌ಗಳೇ. ಜಗತ್ತಿನಲ್ಲಿ ಹೀಗಾದ ಮೊದಲ ವಿಮಾನ ಸಂಸ್ಥೆ ಅದು. 1971ರಲ್ಲಿ 'ಎಂಪರರ್ ಅಶೋಕ' ಎಂಬ ಮೊದಲ ಜಂಬೋ ಜೆಟ್ ಬಂತು.

ವಿಮಾನ ಸಂಸ್ಥೆ ನಡೆಯುವುದು ಹೇಗೆ?

ಶಾಲೆಯ ಮಕ್ಕಳೂ ಈ ಸಂಚಿಕೆ ಓದುತ್ತಾರೆಂದು ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ವಿಮಾನ ಸಂಸ್ಥೆಯೆಂದರೆ ನಮ್ಮ ಅಂಕೋಲೆ ಬಸ್ ಡಿಪೋದ ದೊಡ್ಡ ರೂಪ. ಡಿಪೋದಲ್ಲಿ ಯಾವ ಬಸ್ಸು ಯಾವ ಶೆಡ್ಯೂಲಿಗೆ, ಯಾವ ಚಾಲಕ ಯಾವ ಬಸ್ಸಿಗೆ, ಯಾವುದು ರಿಪೇರಿಗೆ ಎಂದು ಹಿಂದಿನ ದಿನವೇ ಬರೆದಿಡುತ್ತಾರೆ. ಇಲ್ಲೂ ಹಾಗೆಯೇ. ಒಂದು ಎ320 ವಿಮಾನ ದಿನಕ್ಕೆ ಸುಮಾರು ಹನ್ನೆರಡು ತಾಸು ಆಕಾಶದಲ್ಲಿರಬೇಕು. ನೆಲದಲ್ಲಿ ನಿಂತ ವಿಮಾನ ಬಾಡಿಗೆ, ಬಡ್ಡಿ, ಸಂಬಳ ತಿನ್ನುತ್ತದೆ, ದುಡಿಯುವುದಿಲ್ಲ. ಮೀನುಗಾರಿಕೆ ನಿಷೇಧದ ದಿನಗಳಲ್ಲಿ ದಡದಲ್ಲಿ ನಿಂತ ಬೋಟಿನ ಮಾಲೀಕನನ್ನು ಕೇಳಿ, ಇದನ್ನು ಇನ್ನೂ ಚೆನ್ನಾಗಿ ಹೇಳುತ್ತಾನೆ.

ಆದ್ದರಿಂದಲೇ ಇಳಿದ ವಿಮಾನ ಅರ್ಧ ತಾಸಿನಿಂದ ಮುಕ್ಕಾಲು ತಾಸಿನೊಳಗೆ ಮತ್ತೆ ಹೊರಡಬೇಕು. ಅಷ್ಟರಲ್ಲಿ ಜನ ಇಳಿಯಬೇಕು, ಕಸ ತೆಗೆಯಬೇಕು, ಇಂಧನ ತುಂಬಬೇಕು, ಸಾಮಾನು ಬದಲಾಗಬೇಕು, ಇಂಜಿನಿಯರ್ ನೋಡಿ ಸಹಿ ಹಾಕಬೇಕು. ಬೆಳಿಗ್ಗೆ ದಿಲ್ಲಿಯಲ್ಲಿ ಮಂಜು ಬಿದ್ದು ಒಂದು ವಿಮಾನ ಎರಡು ತಾಸು ತಡವಾದರೆ ಸಂಜೆ ಮಂಗಳೂರಿನಲ್ಲಿ ಕಾಯುವವರು ಬೈಯುವುದು ಇದೇ ಕಾರಣಕ್ಕೆ. ವಿಮಾನ ಅದೇ. ಜೊತೆಗೆ ಚಾಲಕರ ಕೆಲಸದ ತಾಸುಗಳಿಗೆ ಕಾನೂನಿನ ಮಿತಿ ಇದೆ. ಮಿತಿ ಮುಗಿದರೆ ಅವರು ಹಾರಿಸುವಂತಿಲ್ಲ, ಬೇರೆಯವರು ಬರಬೇಕು.

ಇಂಧನಕ್ಕೇ ಖರ್ಚಿನ ಸುಮಾರು ಮೂರನೇ ಒಂದು ಭಾಗ ಹೋಗುತ್ತದೆ. ಹೆಚ್ಚು ತೂಕ ಹೊತ್ತರೆ ಹೆಚ್ಚು ಇಂಧನ, ಉದ್ದ ರನ್‌ವೇ ಬೇಕು. ಬಿಸಿಲು ಹೆಚ್ಚಾದರೆ ಗಾಳಿ ತೆಳುವಾಗಿ ಇನ್ನೂ ಉದ್ದ ಬೇಕು. ಸುಮಾರು 70 ಜನರ ಎಟಿಆರ್ ವಿಮಾನ ಸಣ್ಣ ರನ್‌ವೇಯಲ್ಲೂ ಇಳಿಯುತ್ತದೆ, 180 ಜನರ ಎ320ಗೆ ಅದು ಸಾಲದು.

ಇನ್ನು ನನ್ನ ಕೆಲಸದ ಭಾಗ. ನೀವು ಟಿಕೆಟ್ ಕೊಂಡಾಗ ಆರು ಅಕ್ಷರ-ಅಂಕಿಗಳ ಒಂದು ಪಿಎನ್‌ಆರ್ ಸಿಗುತ್ತದೆ. ನಿಮ್ಮ ಹೆಸರು, ಮಾರ್ಗ, ಹಣ ಕೊಟ್ಟ ವಿವರ, ಸಸ್ಯಾಹಾರವೋ ಮಾಂಸಾಹಾರವೋ, ಗಾಲಿಕುರ್ಚಿ ಬೇಕೋ ಎಲ್ಲ ಆ ಗುರುತಿನ ಕೆಳಗೆ ಇರುತ್ತದೆ. ಪ್ರತಿ ಸಂಸ್ಥೆಗೆ ಎರಡಕ್ಷರ, ಪ್ರತಿ ನಿಲ್ದಾಣಕ್ಕೆ ಮೂರಕ್ಷರ. ಏರ್ ಇಂಡಿಯಾ ಎಂದರೆ ಎ-ಐ, ಇಂಡಿಯನ್ ಏರ್‌ಲೈನ್ಸ್ ಎಂದರೆ ಐ-ಸಿ ಆಗಿತ್ತು. ಬೆಂಗಳೂರು ಬಿ-ಎಲ್-ಆರ್, ಮಂಗಳೂರು ಐ-ಎಕ್ಸ್-ಇ, ಹುಬ್ಬಳ್ಳಿ ಎಚ್-ಬಿ-ಎಕ್ಸ್. ಅಂಕೋಲೆಗೆ ಆ ಮೂರಕ್ಷರ ಬರಬೇಕಾದರೆ ಮುಂದೆ ಹೇಳುವ ಲೆಕ್ಕ ಕೂಡಬೇಕು.

ಟಿಕೆಟ್ ಇಲ್ಲದ ಪ್ರಯಾಣಿಕರು

ರಾಷ್ಟ್ರೀಯ ವಿಮಾನ ಸಂಸ್ಥೆ ಯಾಕೆ ಬೇಕು ಎಂದು ಕೇಳುವವರಿಗೆ ಕರಾವಳಿಯವರು ಕೊಡುವ ಉತ್ತರ 1990. ಆ ಆಗಸ್ಟ್‌ನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿತು. ಅಲ್ಲಿದ್ದ ಭಾರತೀಯರು ಒಂದು ಲಕ್ಷಕ್ಕೂ ಹೆಚ್ಚು. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ 59 ದಿನಗಳಲ್ಲಿ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ವಿಮಾನಗಳು 488 ಬಾರಿ ಹಾರಿ 1,11,000ಕ್ಕೂ ಹೆಚ್ಚು ಜನರನ್ನು ತಾಯ್ನಾಡಿಗೆ ತಂದವು. ನಾಗರಿಕ ವಿಮಾನ ಸಂಸ್ಥೆಯೊಂದು ಇಷ್ಟು ಜನರನ್ನು ತೆರವು ಮಾಡಿದ್ದು ಗಿನ್ನೆಸ್ ದಾಖಲೆಯಾಗಿದೆ. ಹೆಚ್ಚಿನವರು ಮರುಭೂಮಿ ದಾಟಿ ಜೋರ್ಡಾನಿನ ಅಮ್ಮಾನ್ ತಲುಪಿ ಅಲ್ಲಿಂದ ಮುಂಬಯಿಗೆ ಬಂದರು.

ಕುವೈತಿನಲ್ಲಿ ಡ್ರೈವರ್ ಆಗಿದ್ದ ನನ್ನ ಸೋದರಮಾವನೂ ಅವರಲ್ಲೊಬ್ಬ. ಬಸ್ಸಿನಲ್ಲಿ ಬಾಗ್ದಾದ್ ದಾಟಿ, ಗಡಿಯ ಡೇರೆಯಲ್ಲಿ ದಿನಗಟ್ಟಲೆ ಕಾದು, ಒಂದೇ ಒಂದು ಕೈಚೀಲ ಹಿಡಿದು ವಿಮಾನ ಹತ್ತಿದ್ದ. ಮುಂಬಯಿಯಿಂದ ಅಂಕೋಲೆಗೆ ಬಂದದ್ದು ಬಸ್ಸಿನಲ್ಲಿ, ಕೊಂಕಣ ರೈಲು ಆಗಿನ್ನೂ ಇರಲಿಲ್ಲ. "ಅಲ್ಲಿ ಟಿಕೆಟ್ ಯಾರೂ ಕೇಳ್ಲಿಲ್ಲ ಮಾರಾಯಾ, ಹೆಸರು ಕೇಳಿದ್ರು, ಕೂತ್ಕೊ ಅಂದ್ರು" ಎಂದು ಮಾವ ಇವತ್ತಿಗೂ ಹೇಳುತ್ತಾನೆ. ಪಿಎನ್‌ಆರ್ ಇಲ್ಲದೆ ವಿಮಾನ ಹತ್ತಿದ ಪ್ರಯಾಣಿಕ ನನ್ನ ಸಾಫ್ಟ್‌ವೇರ್‌ನಲ್ಲಿ ಇರಲು ಸಾಧ್ಯವೇ ಇಲ್ಲ. ಆದರೆ ದೇಶದ ಲೆಕ್ಕದಲ್ಲಿ ಇರಬೇಕು. ಈ ಹಾರಾಟದ ಖರ್ಚನ್ನು ಹೊತ್ತದ್ದು ದೇಶ. ಕೊರೋನಾ ಕಾಲದಲ್ಲಿ ವಂದೇ ಭಾರತ್ ಹಾರಾಟಗಳು ನಡೆದಾಗಲೂ ಮೊದಲು ಹೊರಟದ್ದು ಏರ್ ಇಂಡಿಯಾ ಬಳಗದ ವಿಮಾನಗಳೇ. 2020ರ ಮೇ 12ರಂದು ದುಬೈಯಿಂದ ಮಂಗಳೂರಿಗೆ ಅಂಥ ಮೊದಲ ವಿಮಾನ ಬಂತು.

ಎರಡು ಅಪಘಾತ, ಎರಡು ಪಾಠ

ಕರ್ನಾಟಕದ ನೆಲದಲ್ಲಿ ನಡೆದ ಎರಡು ದುರಂತಗಳನ್ನು ಬಿಟ್ಟು ಈ ಇತಿಹಾಸ ಬರೆಯುವುದು ಸರಿಯಲ್ಲ.

1990ರ ಫೆಬ್ರವರಿ 14ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಎ320 ವಿಮಾನ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದ ರನ್‌ವೇಗಿಂತ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿಯಿತು. 146 ಜನರಲ್ಲಿ 92 ಮಂದಿ ತೀರಿಕೊಂಡರು. ಕಂಪ್ಯೂಟರ್ ಮೂಲಕ ಹಾರುವ ಆ ಮಾದರಿ ನಮ್ಮ ದೇಶಕ್ಕೆ ಬಂದು ಹೆಚ್ಚು ದಿನವಾಗಿರಲಿಲ್ಲ. ಇಳಿಯುವ ವೇಗವನ್ನು ನಿಗದಿ ಮಾಡುವ ಗುಂಡಿಯ ಬದಲು ಎತ್ತರವನ್ನು ನಿಗದಿ ಮಾಡುವ ಗುಂಡಿ ತಿರುಗಿರುವ ಸಾಧ್ಯತೆಯನ್ನು ತನಿಖೆ ಎತ್ತಿ ಹೇಳಿತು. ಇಂಜಿನ್‌ಗಳು ಕನಿಷ್ಠ ಶಕ್ತಿಯಲ್ಲೇ ಉಳಿದವು, ವೇಗ ಇಳಿಯುತ್ತಿರುವುದು ತಡವಾಗಿ ಗೊತ್ತಾಯಿತು. ಯಂತ್ರ ತನಗೆ ಹೇಳಿದ್ದನ್ನೇ ಮಾಡುತ್ತಿತ್ತು. ಅದಕ್ಕೆ ಏನು ಹೇಳಲಾಗಿದೆ ಎಂಬುದು ಕೂತವರ ಕಣ್ಣಿಗೆ ಬೀಳಲಿಲ್ಲ. ಸಾಫ್ಟ್‌ವೇರ್ ಬರೆಯುವ ಪ್ರತಿಯೊಬ್ಬರೂ ಈ ವರದಿಯನ್ನು ಒಮ್ಮೆ ಓದಬೇಕು. ಪರದೆಯ ಮೇಲೆ ಎರಡು ಗುಂಡಿ ಒಂದೇ ತರ ಕಾಣುವುದು ಸಣ್ಣ ಸಂಗತಿಯಲ್ಲ.

2010ರ ಮೇ 22ರ ಬೆಳಗಿನ ಜಾವ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗೆ ಉರುಳಿತು. 158 ಜನ ತೀರಿಕೊಂಡರು, ಉಳಿದವರು 8 ಮಂದಿ. ಕರಾವಳಿಯ ಎಷ್ಟೋ ಮನೆಗಳಲ್ಲಿ ಅಂದು ಸಾಮಾನು ಸಮೇತ ಬರಬೇಕಾದವರು ಬರಲಿಲ್ಲ. ವಿಮಾನ ಬೇಕಾದ್ದಕ್ಕಿಂತ ಹೆಚ್ಚು ಎತ್ತರದಲ್ಲಿ, ಹೆಚ್ಚು ವೇಗದಲ್ಲಿ ಇಳಿಯಲು ಬಂದಿತ್ತು. ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಕಿರಿಯ ಚಾಲಕ ಮೂರು ಬಾರಿ ಹೇಳಿದರೂ ಹಿರಿಯ ಚಾಲಕ ಇಳಿಸಿದರು ಎಂದು ತನಿಖಾ ವರದಿ ಹೇಳುತ್ತದೆ. ಇದು ವಿಮಾನಕ್ಕಷ್ಟೇ ಸೇರಿದ ಪಾಠವಲ್ಲ. ಕಿರಿಯರು ಸರಿಯಾದ ಮಾತು ಹೇಳಿದಾಗ ಹಿರಿಯರು ಕೇಳುವ ರೂಢಿ ಮನೆಯಲ್ಲಿ, ತರಗತಿಯಲ್ಲಿ, ಕಚೇರಿಯಲ್ಲಿ ಇರಬೇಕು. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾ ವಿಮಾನ ಬಿದ್ದು 260 ಜನ ತೀರಿಕೊಂಡಾಗ, 1932ರಲ್ಲಿ ಅಂಚೆ ವಿಮಾನ ಇಂಧನಕ್ಕಾಗಿ ಇಳಿದ ಊರು ಇನ್ನೊಂದು ಕಾರಣಕ್ಕೆ ನೆನಪಾಗುವಂತಾಯಿತು.

ಸಾಲ ಯಾರದು?

1994ರಲ್ಲಿ ಹಳೆಯ ನಿಗಮಗಳ ಕಾಯಿದೆ ರದ್ದಾಗಿ ಖಾಸಗಿಯವರಿಗೆ ದಾರಿ ತೆರೆಯಿತು. 2003ರಲ್ಲಿ ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರು ಏರ್ ಡೆಕ್ಕನ್ ಶುರುಮಾಡಿ, ಸಾಮಾನ್ಯರೂ ವಿಮಾನ ಹತ್ತಬಹುದೆಂದು ತೋರಿಸಿದರು. ಅದು ಮುಂದೆ ಕಿಂಗ್‌ಫಿಷರ್ ಪಾಲಾಯಿತು, ಕಿಂಗ್‌ಫಿಷರ್ 2012ರಲ್ಲಿ ನಿಂತಿತು. ಬೆಂಗಳೂರಿನಿಂದ ಹೊರಟ ಎರಡು ಕಂಪನಿಗಳು ಹೀಗೆ ಮರೆಯಾದವು. ಜನರಿಗೆ ಟಿಕೆಟ್ ಅಗ್ಗವಾಯಿತು, ನಷ್ಟ ಬೇರೆ ಕಡೆ ಬೆಳೆಯಿತು.

ಇದೇ ಹೊತ್ತಿಗೆ ಸರಕಾರಿ ಸಂಸ್ಥೆಗಳು 111 ಹೊಸ ವಿಮಾನಗಳಿಗೆ ಬೇಡಿಕೆಯಿಟ್ಟವು. 2007ರಲ್ಲಿ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಒಂದಾದವು. ಕಾಗದದ ಮೇಲೆ ಒಂದಾಗುವುದು ಸುಲಭ. ಎರಡು ಬೇರೆ ವೇತನ ಶ್ರೇಣಿ, ಬೇರೆ ವಿಮಾನ ಮಾದರಿಗಳು, ಬೇರೆ ಬಡ್ತಿಯ ಪಟ್ಟಿ, ಬೇರೆ ಟಿಕೆಟ್ ವ್ಯವಸ್ಥೆ. ಐ-ಸಿ ಎಂಬ ಎರಡಕ್ಷರ ಹೋಗಿ ಎಲ್ಲವೂ ಎ-ಐ ಆಗಲು 2011ರ ಫೆಬ್ರವರಿಯವರೆಗೆ ಸಮಯ ಹಿಡಿಯಿತು. ಅಷ್ಟರಲ್ಲಿ ಸಾಲ ಬೆಳೆದಿತ್ತು. 2018ರಲ್ಲಿ ನೂರಕ್ಕೆ 76 ಪಾಲು ಮಾರಲು ಹೊರಟಾಗ ಒಬ್ಬರೂ ಕೊಳ್ಳಲು ಮುಂದೆ ಬರಲಿಲ್ಲ.

2021ರ ಆಗಸ್ಟ್ ಕೊನೆಗೆ ಏರ್ ಇಂಡಿಯಾದ ಸಾಲ 61,562 ಕೋಟಿ ರೂಪಾಯಿ. ಅಕ್ಟೋಬರ್‌ನಲ್ಲಿ ಟಾಟಾ ಬಳಗದ ಟ್ಯಾಲೇಸ್ ಕಂಪನಿ 18,000 ಕೋಟಿಗೆ ಸಂಸ್ಥೆಯನ್ನು ಪಡೆಯಿತು. ಅದರಲ್ಲಿ 2,700 ಕೋಟಿ ನಗದು, 15,300 ಕೋಟಿ ಸಾಲದ ಹೊರೆ. ಉಳಿದ 46,262 ಕೋಟಿ ಸಾಲ ಸರಕಾರದ ಇನ್ನೊಂದು ಕಂಪನಿಯಲ್ಲಿ ಉಳಿಯಿತು. 2022ರ ಜನವರಿ 27ರಂದು ಹಸ್ತಾಂತರವಾಯಿತು. ಹುಟ್ಟಿಸಿದವರ ಮನೆಗೇ ಮಹಾರಾಜ ಮರಳಿದ ಎಂದು ಪತ್ರಿಕೆಗಳು ಸಂತೋಷಪಟ್ಟವು. ಆದರೆ ಉಳಿದ ಸಾಲ ಯಾರ ತಲೆಯ ಮೇಲಿದೆ ಎಂದು ಲೆಕ್ಕ ಮಾಡಿದರೆ, ಜನ್ಮದಲ್ಲಿ ವಿಮಾನ ಹತ್ತದ ಹಾಲಕ್ಕಿ ಅಜ್ಜಿಯ ತಲೆಯ ಮೇಲೂ ಅದರ ಒಂದು ಚೂರಿದೆ. ಆಕೆ ಬೆಂಕಿಪೆಟ್ಟಿಗೆ ಕೊಂಡಾಗಲೂ ತೆರಿಗೆ ಕೊಡುತ್ತಾಳೆ.

ಈ ಕೊನೆಯ ವರ್ಷಗಳಲ್ಲಿಯೂ ಸಂಸ್ಥೆಯ ಜನ ಒಳ್ಳೆಯ ಕೆಲಸ ಮಾಡಿದರು ಎಂಬುದನ್ನು ಮರೆಯಬಾರದು. 2021ರ ಜನವರಿ 11ರಂದು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ಮಹಿಳಾ ಚಾಲಕರ ತಂಡವೇ ಸ್ಯಾನ್‌ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾರಿ ಸುಮಾರು 14,000 ಕಿ.ಮೀ. ದೂರದ ಬೆಂಗಳೂರಿಗೆ ನೇರ ಬಂದಿಳಿಯಿತು. ನಮ್ಮ ಶಾಲೆಯ ಹೆಣ್ಣುಮಕ್ಕಳು ಇದನ್ನು ನೆನಪಿಡಬೇಕು.

ಅಲಗೇರಿಯ ಲೆಕ್ಕ

ಈಗ ಚಹಾದಂಗಡಿಯ ಪ್ರಶ್ನೆಗೆ ಬರೋಣ.

1932ರಲ್ಲಿ ಅಂಚೆಯ ಕರಾರಿನ ಬಲದಿಂದ ಬಳ್ಳಾರಿಗೆ ವಿಮಾನ ಬಂತು. 85 ವರ್ಷಗಳ ನಂತರ, 2017ರ ಸೆಪ್ಟೆಂಬರ್‌ನಲ್ಲಿ, ಅದೇ ಬಳ್ಳಾರಿ ಸೀಮೆಯ ವಿದ್ಯಾನಗರಕ್ಕೆ ಹೈದರಾಬಾದಿನಿಂದ ವಿಮಾನ ತರಲು ಕೇಂದ್ರದ ಉಡಾನ್ ಯೋಜನೆಯ ಸಹಾಯಧನ ಬೇಕಾಯಿತು. ಉಡಾನ್‌ನಲ್ಲಿ ಸುಮಾರು ಅರ್ಧದಷ್ಟು ಸೀಟುಗಳಿಗೆ ದರದ ಮಿತಿ ಇರುತ್ತದೆ, ಆಗುವ ನಷ್ಟವನ್ನು ಸರಕಾರ ತುಂಬಿಕೊಡುತ್ತದೆ. ಆದರೆ ಅದು ಮೂರು ವರ್ಷ ಮಾತ್ರ. ಆ ಮಾರ್ಗದಲ್ಲಿ ಹಾರುತ್ತಿದ್ದ ಟ್ರೂಜೆಟ್ ಕಂಪನಿ 2022ರಲ್ಲಿ ಹಾರಾಟವನ್ನೇ ನಿಲ್ಲಿಸಿತು. ರನ್‌ವೇ ಎಲ್ಲಿಗೂ ಹೋಗಲಿಲ್ಲ, ಅಲ್ಲೇ ಇತ್ತು.

ಅಲಗೇರಿಯ ಇನ್ನೊಂದು ಹೋಲಿಕೆ ಗೋವೆಯ ದಾಬೋಳಿ. ಅದು ನೌಕಾಪಡೆಯ ನೆಲೆ, ಸಾರ್ವಜನಿಕ ವಿಮಾನಗಳಿಗೆ ಅಲ್ಲಿ ಜಾಗ ಕೊಡಲಾಗಿದೆ. ನೌಕಾಪಡೆಯ ತರಬೇತಿ ಹಾರಾಟದ ಹೊತ್ತಿನಲ್ಲಿ ನಾಗರಿಕ ವಿಮಾನಗಳು ಕಾಯಬೇಕು. ಹಾಗಿದ್ದರೂ ದಾಬೋಳಿ ತುಂಬಿ ತುಳುಕಿತು, ಕಾರಣ ಪ್ರವಾಸಿಗಳು. 2023ರ ಜನವರಿಯಿಂದ ಮೋಪಾದಲ್ಲಿ ಎರಡನೆಯ ನಿಲ್ದಾಣವೂ ನಡೆಯುತ್ತಿದೆ. ನಮ್ಮ ಉತ್ತರಕ್ಕೆ ಗೋವೆಯ ಎರಡು, ಪೂರ್ವಕ್ಕೆ ಹುಬ್ಬಳ್ಳಿ, ದಕ್ಷಿಣಕ್ಕೆ ಮಂಗಳೂರು. ಇವುಗಳ ನಡುವೆ ಅಲಗೇರಿಗೆ ದಿನವೂ ಒಂದು ಎಟಿಆರ್ ತುಂಬುವಷ್ಟು ಜನ ಎಲ್ಲಿಂದ ಬರುತ್ತಾರೆ? ನೌಕಾನೆಲೆಯ ಕುಟುಂಬಗಳು, ಕೈಗಾದ ನೌಕರರು, ಗೋಕರ್ಣಕ್ಕೆ ಬರುವ ಯಾತ್ರಿಕರು, ಬೆಂಗಳೂರಿನಲ್ಲಿ ದುಡಿಯುವ ನಮ್ಮಂಥವರು. ಮೀನು, ಅಂಕೋಲೆಯ ಇಶಾಡು ಮಾವು, ಮಲ್ಲಿಗೆ ಹೂವು ಸರಕಾಗಿ ಹೋಗಬಹುದೇ? ಈ ಲೆಕ್ಕವನ್ನು ಈಗಲೇ ಮಾಡಬೇಕು. 1932ರಲ್ಲಿ ಅಂಚೆಯ ಚೀಲ ಮಾಡಿದ ಕೆಲಸವನ್ನು ಇಲ್ಲಿ ಯಾವುದು ಮಾಡುತ್ತದೆ ಎಂದು ಕೇಳಬೇಕು.

ಇದಕ್ಕಿಂತ ಮೊದಲಿನ ಲೆಕ್ಕ ಇನ್ನೊಂದಿದೆ. 1986ರ ಅಕ್ಟೋಬರ್ 24ರಂದು ಅರ್ಗಾದಲ್ಲಿ ಸೀಬರ್ಡ್ ನೌಕಾನೆಲೆಗೆ ಪ್ರಧಾನಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು. ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿದ್ದು 2005ರ ಮೇ 31ರಂದು. ಆ ನಡುವೆ ಮನೆ, ಗದ್ದೆ, ಬಲೆ ಎಳೆಯುವ ದಡ ಬಿಟ್ಟುಕೊಟ್ಟವರ ಮಕ್ಕಳು ನನ್ನ ತರಗತಿಯಲ್ಲೇ ಕೂತಿದ್ದರು. ಪರಿಹಾರಕ್ಕಾಗಿ ಅವರ ತಂದೆಯಂದಿರು ಎಷ್ಟು ವರ್ಷ ಓಡಾಡಿದರು ಎಂಬುದು ಅವರ್ಸಾದಿಂದ ಕಾರವಾರದವರೆಗೆ ಎಲ್ಲರಿಗೂ ಗೊತ್ತು. ಈಗ ಅಲಗೇರಿ ಮತ್ತು ಸುತ್ತಲಿನವರ ಸರದಿ. ವಿಮಾನದ ಖರ್ಚನ್ನು ಅಂಚೆ ಇಲಾಖೆ ಹೊತ್ತಿತು, ದೇಶ ಹೊತ್ತಿತು, ಈಗ ಸಹಾಯಧನ ಹೊರುತ್ತಿದೆ. ಆದರೆ ಎಲ್ಲರಿಗಿಂತ ಮೊದಲು ಹೊರುವವರು ನೆಲ ಕೊಡುವವರು. ಅವರ ಲೆಕ್ಕ ಮೊದಲು ಚುಕ್ತಾ ಆಗಲಿ. ಮೊದಲ ವಿಮಾನ ಇಳಿಯುವ ದಿನ ಮಾಲೆ ಹಾಕುವವರ ಸಾಲಿನಲ್ಲಿ ಅವರ ಮನೆಯ ಮಕ್ಕಳು ನೌಕರಿಯ ಸಮವಸ್ತ್ರದಲ್ಲಿ ನಿಂತಿರುವಂತಾಗಲಿ.

ಅದಕ್ಕೆ ತಯಾರಿ ಇಲ್ಲಿಂದಲೇ ಶುರುವಾಗಬೇಕು. ವಿಮಾನ ನಿಲ್ದಾಣದಲ್ಲಿ ಚಾಲಕರಷ್ಟೇ ಇರುವುದಿಲ್ಲ. ಹವಾಮಾನ ನೋಡುವವರು, ವಾಯು ಸಂಚಾರ ನಿಯಂತ್ರಕರು, ನಿರ್ವಹಣಾ ಇಂಜಿನಿಯರುಗಳು, ಅಗ್ನಿಶಾಮಕದವರು, ಸರಕು ಲೆಕ್ಕದವರು ಬೇಕು. ಇವುಗಳಲ್ಲಿ ಹೆಚ್ಚಿನವಕ್ಕೆ ಬೇಕಾದ ಗಣಿತ, ಭೌತಶಾಸ್ತ್ರ, ಇಂಗ್ಲಿಷುಗಳ ಅಡಿಪಾಯವನ್ನು ನಮ್ಮ ಸರಕಾರಿ ಪ್ರೌಢಶಾಲೆಯೇ ಹಾಕಬಲ್ಲದು. ನನಗೆ ಹಾಕಿಕೊಟ್ಟದ್ದೂ ಇದೇ ಶಾಲೆಯ ಮಾಸ್ತರು ಮತ್ತು ಅಕ್ಕೋರುಗಳು. ಅವರೆಲ್ಲರಿಗೆ ನನ್ನ ನಮಸ್ಕಾರ. ಐವತ್ತು ತುಂಬಿದ ಶಾಲೆ ನೂರು ಕಾಣಲಿ.